ಥೈರಾಯ್ಡ್‌ಗೆ ಅರಿಶಿನ ಶುರು ಮಾಡಿದರೆ ಮಾತ್ರೆ ಬಿಡಬಹುದಾ? ಅತ್ತೆಯವರ ವಿಷಯ

ಮೂಡಿಗೆರೆ ಸೊಸೆ:
ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆಗೆ ಐವತ್ತೆಂಟು ವರ್ಷ. ಥೈರಾಯ್ಡ್ ಕಡಿಮೆ ಇದೆ ಅಂತ ಗೊತ್ತಾಗಿ ಕೆಲವು ವರ್ಷಗಳಾದವು. ಆ್ಯಂಟಿಬಾಡಿ ಟೆಸ್ಟ್ ನೋಡಿ ಡಾಕ್ಟರ್ ಇದು ಹಶಿಮೊಟೊ ಅಂದಿದ್ದರು. ಥೈರಾಕ್ಸಿನ್ 75 ಮೈಕ್ರೋಗ್ರಾಂ ಮಾತ್ರೆ ನಡೆಯುತ್ತಿದೆ. ಟಿಎಸ್ಎಚ್ (ಥೈರಾಯ್ಡ್ ಹಾರ್ಮೋನ್ ಕಡಿಮೆಯಾದರೆ ರಕ್ತದಲ್ಲಿ ಏರುವ ಅಂಶ) ಮೂರರ ಆಸುಪಾಸಿನಲ್ಲಿ ಚೆನ್ನಾಗಿಯೇ ಇತ್ತು.

ಸಂಕ್ರಾಂತಿಗೆ ಬಂದ ನೆಂಟರೊಬ್ಬರು, "ಜೀವಮಾನವಿಡೀ ಯಾಕೆ ಮಾತ್ರೆ ನುಂಗುತ್ತೀರಿ, ಅರಿಶಿನ-ಮೆಣಸು ಸಾಕು" ಅಂದು ಹೋದರು. ಅರಿಶಿನ ನಮ್ಮ ಹಿತ್ತಲಲ್ಲೇ ಇದೆ. ಕಿತ್ತು, ಬೇಯಿಸಿ, ಒಣಗಿಸಿ ಪುಡಿ ಮಾಡಿಸುವುದು ಅತ್ತೆಯದೇ ಉಸ್ತುವಾರಿ. ಮೆಣಸು ತೋಟದ ಸಿಲ್ವರ್ ಮರಗಳ ಮೇಲೆ ಬೇಕಾದಷ್ಟಿದೆ. ಆಮೇಲಿಂದ ದಿನಾ ಬೆಳಗ್ಗೆ ಎದ್ದು, ಬಿಸಿ ಹಾಲಿಗೆ ಅರಿಶಿನ ಹಾಕಿ, ಮೆಣಸು ಕುಟ್ಟಿ ಹಾಕಿ, ಮಾತ್ರೆಯನ್ನೂ ಅದರಲ್ಲೇ ನುಂಗುತ್ತಾರೆ. ಕೆಲವು ದಿನ ಮಾತ್ರೆ ಬಿಟ್ಟೇ ಬಿಡುತ್ತಾರೆ. ಮಂಡಿ ನೋವು ಕಡಿಮೆ ಆಗಿದೆ ಅನ್ನುತ್ತಾರೆ, ಅದಕ್ಕೇ ನಂಬಿಕೆ ಜಾಸ್ತಿ.

ಹೋದ ವಾರ ಟಿಎಸ್ಎಚ್ 9.8 ಬಂತು. ಬೆಳಗ್ಗೆ ಮುಖ ಊದಿಕೊಂಡಿರುತ್ತದೆ, ಅಂಗಳ ಗುಡಿಸುವಷ್ಟರಲ್ಲಿ ಸುಸ್ತು. ಈಗ ಬೆಂಗಳೂರಿಂದ ಅರಿಶಿನದ ಕ್ಯಾಪ್ಸೂಲ್ ಡಬ್ಬಿ ಬೇರೆ ಬಂದಿದೆ. ಅರಿಶಿನದಿಂದ ಥೈರಾಯ್ಡ್‌ಗೆ ಒಳ್ಳೆಯದೋ, ಕೆಟ್ಟದ್ದೋ? ಅವರ ಮನಸ್ಸು ನೋಯಿಸದೆ ಏನು ಹೇಳಲಿ?

ಕೊಪ್ಪದ ಅಕ್ಕ:
ನಾನೂ ಅದೇ ಮಾತ್ರೆ ತಗೊಳ್ಳುವವಳು. ಅರಿಶಿನ ಹಾಲು ನನಗೂ ಇಷ್ಟ, ಶೀತ ಆದರೆ ರಾತ್ರಿ ಕುಡಿಯುತ್ತೇನೆ. ಮಾತ್ರೆ ಮಾತ್ರ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಮೊದಲು ಅತ್ತೆಯನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಮ್ಮ.

ಔಷಧಿ ಅಂಗಡಿ, ಸಕಲೇಶಪುರ:
ತಂಗಿ, ಇದೇ ಪ್ರಶ್ನೆಯನ್ನು ನನ್ನ ಕೌಂಟರ್ ಮುಂದೆ ಎಷ್ಟೋ ಜನ ಕೇಳುತ್ತಾರೆ. ಹಾಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ನೀವು ಬರೆದಿದ್ದರಲ್ಲಿ ನನ್ನ ಕಣ್ಣು ನಿಂತಿದ್ದು ಅರಿಶಿನದ ಮೇಲಲ್ಲ, ಹಾಲಿನ ಮೇಲೆ. ಹಾಲಿನಲ್ಲಿರುವ ಕ್ಯಾಲ್ಸಿಯಂ ಥೈರಾಕ್ಸಿನ್ ಜೊತೆ ಹೊಟ್ಟೆಗೆ ಹೋದರೆ ಮಾತ್ರೆ ಪೂರ್ತಿ ರಕ್ತಕ್ಕೆ ಸೇರುವುದಿಲ್ಲ. ಕಾಫಿಯೂ ಹಾಗೇ. ಈ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನಲ್ಲಿ ನುಂಗಬೇಕು. ಆಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆ ಕಾಫಿ-ತಿಂಡಿ ಏನೂ ಬೇಡ. ಕ್ಯಾಲ್ಸಿಯಂ ಅಥವಾ ಕಬ್ಬಿಣದ ಮಾತ್ರೆ ಇದ್ದರೆ ನಾಲ್ಕು ಗಂಟೆ ಅಂತರ ಇರಲಿ. ಒಂದು ಕಡೆ ಹಾಲು, ಇನ್ನೊಂದು ಕಡೆ ಮಾತ್ರೆ ತಪ್ಪಿಸಿದ ದಿನಗಳು. ಟಿಎಸ್ಎಚ್ ಏರುವುದಕ್ಕೆ ಇವೆರಡೇ ಸಾಕು.

ಇನ್ನೊಂದು ವಿಷಯ ಜನರಿಗೆ ಗೊತ್ತೇ ಇರುವುದಿಲ್ಲ. ಥೈರಾಕ್ಸಿನ್ ರಕ್ತದಲ್ಲಿ ಅರ್ಧ ಆಗುವುದಕ್ಕೇ ಸುಮಾರು ಏಳು ದಿನ ಬೇಕು. ಹಾಗಾಗಿ ಇವತ್ತು ಬಿಟ್ಟರೆ ನಾಳೆ ಏನೂ ಗೊತ್ತಾಗುವುದಿಲ್ಲ. "ನೋಡಿ, ಮಾತ್ರೆ ಬಿಟ್ಟೆ, ಅರಿಶಿನ ಕುಡಿದೆ, ಆರಾಮಾಗಿದ್ದೇನೆ" ಅನ್ನುತ್ತಾರೆ. ಆ ಆರಾಮು ಹಿಂದಿನ ಮಾತ್ರೆಗಳದ್ದು. ಅದು ಕರಗುತ್ತಾ ಬಂದ ಹಾಗೆ ಸುಸ್ತು, ಊತ, ಮಲಬದ್ಧತೆ ಒಂದೊಂದಾಗಿ ಬರುತ್ತವೆ. ಅಷ್ಟು ಹೊತ್ತಿಗೆ ಅರಿಶಿನದ ಮೇಲೆ ನಂಬಿಕೆ ಗಟ್ಟಿಯಾಗಿರುತ್ತದೆ. ಇದನ್ನು ಅತ್ತೆಗೆ ಹೀಗೇ ವಿವರಿಸಿ. ಅವರು ಸುಳ್ಳು ಹೇಳುತ್ತಿಲ್ಲ, ಅವರಿಗೆ ನಿಜವಾಗಿಯೂ ಹಾಗೇ ಅನ್ನಿಸಿರುತ್ತದೆ.

ಅರಿಶಿನದ ಬಗ್ಗೆ ಹೇಳಬೇಕೆಂದರೆ, ಅದರಲ್ಲಿರುವ ಕರ್ಕ್ಯುಮಿನ್‌ಗೆ ಉರಿಯೂತ ತಗ್ಗಿಸುವ ಗುಣ ಇದೆ. ಮಂಡಿ ನೋವು ಕಡಿಮೆ ಆಗಿರಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹಶಿಮೊಟೊದಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಥೈರಾಯ್ಡ್ ಗ್ರಂಥಿಯನ್ನು ಹಾಳು ಮಾಡುತ್ತಾ ಬರುತ್ತದೆ. ಹಾರ್ಮೋನ್ ತಯಾರಿಸುವ ಜಾಗವೇ ಸೊರಗಿದ ಮೇಲೆ ಹಾರ್ಮೋನನ್ನು ಹೊರಗಿಂದಲೇ ಕೊಡಬೇಕು, ಥೈರಾಕ್ಸಿನ್ ಮಾತ್ರೆ ಅಂದರೆ ಅದೇ. ಅರಿಶಿನದಲ್ಲಿ ಆ ಹಾರ್ಮೋನ್ ಇಲ್ಲ.

ಮೆಣಸಿನ ಮಾತು ಪೂರ್ತಿ ಕಟ್ಟುಕಥೆಯಲ್ಲ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ಪ್ರಕಟಿಸಿದ ಅಧ್ಯಯನದಲ್ಲಿ, 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ಅದು ರಕ್ತಕ್ಕೆ ಸೇರುವುದು ಸುಮಾರು 20 ಪಟ್ಟು ಹೆಚ್ಚಿತ್ತು. ಪೈಪರಿನ್ ಅಂದರೆ ಮೆಣಸಿನ ಖಾರದ ಅಂಶ. ಆದರೆ ಅದು ಬೇರೆ ಕೆಲವು ಔಷಧಿಗಳ ಪ್ರಮಾಣವನ್ನೂ ರಕ್ತದಲ್ಲಿ ಏರುಪೇರು ಮಾಡಬಲ್ಲದು. ಸಾರಿಗೆ ಹಾಕುವ ಮೆಣಸಿಗೆ ಹೆದರಬೇಕಿಲ್ಲ. ಕ್ಯಾಪ್ಸೂಲ್ ವಿಷಯ ಬೇರೆ. ಡಬ್ಬಿಯ ಮೇಲೆ ಏನು ಬರೆದಿದೆ, ನೋಡಿ ಹೇಳುತ್ತೀರಾ? ಬೇರೆ ಕಾಯಿಲೆ, ಬೇರೆ ಮಾತ್ರೆ ಇದ್ದರೆ ಅದನ್ನೂ ಹೇಳಿ.

ಮೂಡಿಗೆರೆ ಸೊಸೆ:
ಅಕ್ಕ, ತುಂಬಾ ಥ್ಯಾಂಕ್ಸ್. ಹಾಲಿನ ವಿಷಯ ನಮಗೆ ಯಾರೂ ಹೇಳಿರಲಿಲ್ಲ. ಡಬ್ಬಿಯ ಮೇಲೆ ಅರಿಶಿನದ ಸಾರ 500 ಮಿಲಿಗ್ರಾಂ, ಕರ್ಕ್ಯುಮಿನ್ 95 ಪರ್ಸೆಂಟ್, ಪೈಪರಿನ್ 5 ಮಿಲಿಗ್ರಾಂ ಅಂತಿದೆ. ದಿನಕ್ಕೆ ಎರಡು ಅಂತೆ. ಬೇರೆ ಮಾತ್ರೆ ಇಲ್ಲ. ಆದರೆ ಹಿಂದೆ ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶದಲ್ಲಿ ಕಲ್ಲು ಕಾಣಿಸಿತ್ತು. ನೋವಿಲ್ಲ ಅಂತ ಹಾಗೇ ಬಿಟ್ಟಿದ್ದೇವೆ.

ಔಷಧಿ ಅಂಗಡಿ, ಸಕಲೇಶಪುರ:
ಹಾಗಾದರೆ ಆ ಡಬ್ಬಿ ತೆರೆಯಲೇಬೇಡಿ. ಕರ್ಕ್ಯುಮಿನ್ ಪಿತ್ತಕೋಶವನ್ನು ಹಿಂಡುವ ಹಾಗೆ ಮಾಡುತ್ತದೆ. ಕಲ್ಲಿದ್ದವರಿಗೆ ಅದರಿಂದ ನೋವು ಕೆರಳಬಹುದು.

ಲೆಕ್ಕವನ್ನೂ ನೋಡಿ. ಮನೆಯ ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಮೂರರಷ್ಟು. ಒಂದು ಟೀ ಚಮಚ ಪುಡಿ ಸುಮಾರು 3 ಗ್ರಾಂ. ಅಂದರೆ ಒಂದು ಕ್ಯಾಪ್ಸೂಲಿನಲ್ಲಿ ಐದು ಚಮಚ ಪುಡಿಯಷ್ಟು ಕರ್ಕ್ಯುಮಿನ್! ಯಾವ ಅಡುಗೆಗೂ ನಾವು ಅಷ್ಟು ಹಾಕುವುದಿಲ್ಲ ಅಲ್ವಾ? ಇಂಥ ಹೆಚ್ಚು ಶಕ್ತಿಯ ಕ್ಯಾಪ್ಸೂಲ್ ತಗೊಂಡು ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳು ಅಮೆರಿಕ, ಇಟಲಿ, ಆಸ್ಟ್ರೇಲಿಯಾಗಳಲ್ಲಿ ದಾಖಲಾಗಿವೆ. ಹೀಗಾಗುವುದು ಅಪರೂಪ, ಆದರೆ ಆಗಿದೆ.

ಡಾಕ್ಟರ್‌ಗೆ ಹಾಲಿನ ವಿಷಯ, ಮಾತ್ರೆ ತಪ್ಪಿಸಿದ ವಿಷಯ ಎರಡನ್ನೂ ಮುಚ್ಚಿಡದೆ ಹೇಳಿ. ಇದು ತುಂಬಾ ಮುಖ್ಯ. ಹೇಳದಿದ್ದರೆ ಅವರು 9.8 ನೋಡಿ ಡೋಸ್ ಏರಿಸಬಹುದು. ಆಮೇಲೆ ಅತ್ತೆ ಸರಿಯಾಗಿ ನುಂಗಲು ಶುರು ಮಾಡಿದರೆ ಡೋಸ್ ಜಾಸ್ತಿಯಾಗಿ ಎದೆ ಹೊಡೆದುಕೊಳ್ಳುತ್ತದೆ, ದಿನ ಕಳೆದ ಹಾಗೆ ಮೂಳೆಯೂ ಸವೆಯುತ್ತದೆ. ಬಿಟ್ಟು ಹೋದ ದಿನಗಳ ಮಾತ್ರೆಯನ್ನು ಒಟ್ಟಿಗೆ ನುಂಗಿಸುವುದೂ ಬೇಡ.

ಮತ್ತೆ, ಮಾತ್ರೆ ಡಬ್ಬಿ ಎಲ್ಲಿಟ್ಟಿದ್ದೀರಿ? ನಮ್ಮ ಕಡೆ ಒಲೆ ಪಕ್ಕದ ಗೂಡಿನಲ್ಲಿ ಇಡುವವರೇ ಹೆಚ್ಚು. ಬಿಸಿ, ಬೆಳಕು, ಮಳೆಗಾಲದ ತೇವ ಮೂರೂ ಈ ಮಾತ್ರೆಗೆ ಆಗುವುದಿಲ್ಲ. ಮಲಗುವ ಕೋಣೆಯ ಕಪಾಟಿಗೆ ಬದಲಾಯಿಸಿ, ಪಕ್ಕದಲ್ಲಿ ಒಂದು ತಂಬಿಗೆ ನೀರಿಡಿ. ಎದ್ದ ಕೂಡಲೇ ಅಲ್ಲೇ ನುಂಗಿಬಿಡುತ್ತಾರೆ.

ನಿವೃತ್ತ ಆರೋಗ್ಯ ಸಹಾಯಕ, ಚಿಕ್ಕಮಗಳೂರು:
ಮಗಳೇ, ಒಂದು ಮಾತು ಸೇರಿಸುತ್ತೇನೆ. ಮನೆಯಲ್ಲಿ ಯಾವ ಉಪ್ಪು? ಈಗೀಗ ನಮ್ಮೂರಲ್ಲಿ ಥೈರಾಯ್ಡ್ ಅಂದ ಕೂಡಲೇ ಪ್ಯಾಕೆಟ್ ಉಪ್ಪು ಬಿಟ್ಟು ಸೈಂಧವ ಉಪ್ಪಿಗೆ ಹೋಗುತ್ತಾರೆ. ಮಲೆನಾಡಿನ ಮಳೆ ಮಣ್ಣಿನ ಅಯೋಡಿನ್ ತೊಳೆದುಕೊಂಡು ಹೋಗುತ್ತದೆ. ಗಳಗಂಡ ಬಂದು ಕುತ್ತಿಗೆ ಉಬ್ಬಿದವರನ್ನು ಈ ಬೆಟ್ಟದ ಊರುಗಳಲ್ಲಿ ನಾನೇ ನೋಡಿದ್ದೇನೆ. ದೇಶದ ಗಳಗಂಡ ನಿಯಂತ್ರಣ ಕಾರ್ಯಕ್ರಮ 1962ರಲ್ಲಿ ಶುರುವಾದದ್ದೇ ಇಂಥ ಕೊರತೆ ನೀಗಲಿಕ್ಕೆ. ಅತ್ತೆಯ ಕಾಯಿಲೆ ಅಯೋಡಿನ್ ಕೊರತೆಯದ್ದಲ್ಲ, ನಿಜ. ಆದರೆ ಅದೇ ಅಡುಗೆಯನ್ನು ಮಕ್ಕಳು, ಬಸುರಿಯರು ಎಲ್ಲರೂ ಉಣ್ಣುತ್ತಾರೆ. ಅಯೋಡಿನ್ ಇರುವ ಉಪ್ಪನ್ನೇ ಬಳಸಿ. ಹಾಗಂತ ಅಯೋಡಿನ್ ಮಾತ್ರೆ, ಕಡಲಪಾಚಿ ಪುಡಿ ತಂದು ಅತ್ತೆಗೆ ಕೊಡಬೇಡಿ. ಹಶಿಮೊಟೊ ಇರುವವರಿಗೆ ಅಯೋಡಿನ್ ಅತಿಯಾದರೂ ತೊಂದರೆ.

ಮೂಡಿಗೆರೆ ಸೊಸೆ:
ಕಲ್ಲುಪ್ಪು ಬಳಸುತ್ತಿದ್ದೇವೆ, ಪ್ಯಾಕೆಟ್ ನೋಡಿ ಬದಲಾಯಿಸುತ್ತೇನೆ. ಅತ್ತೆ ಹತ್ತಿರ ನಿನ್ನೆ ಮಾತಾಡಿದೆ. ಅರಿಶಿನ ಹಾಲು ಬಿಡಿ ಅನ್ನಲಿಲ್ಲ, ಸಂಜೆಗೆ ಇಟ್ಟುಕೊಳ್ಳಿ ಅಂದೆ. ಏಳು ದಿನದ ಲೆಕ್ಕ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನಾಳೆಯಿಂದ ನೀರಲ್ಲೇ ನುಂಗ್ತೀನಿ" ಅಂದರು. ಸೋಮವಾರ ಡಾಕ್ಟರ್ ಹತ್ತಿರ ಹೋಗುತ್ತೇವೆ. ಮತ್ತೆ ರಕ್ತ ಯಾವಾಗ ಕೊಡಬೇಕಾಗಬಹುದು ಅಕ್ಕ?

ಔಷಧಿ ಅಂಗಡಿ, ಸಕಲೇಶಪುರ:
ಸಾಮಾನ್ಯವಾಗಿ ಆರರಿಂದ ಎಂಟು ವಾರ ಬಿಟ್ಟು. ಮೊದಲೇ ಮಾಡಿಸಿದರೆ ದುಡ್ಡು ದಂಡ, ನಂಬರ್ ಸರಿಯಾಗಿ ಇಳಿದಿರುವುದಿಲ್ಲ. ಅದೇ ಲ್ಯಾಬಿನಲ್ಲಿ ಕೊಡಿ, ಆ ದಿನ ರಕ್ತ ಕೊಟ್ಟ ಮೇಲೆ ಮಾತ್ರೆ ನುಂಗಲಿ. ಕೂದಲಿಗೆ ಅಂತ ಬಯೋಟಿನ್ ಮಾತ್ರೆ ತಗೊಳ್ಳುತ್ತಿದ್ದರೆ ಎರಡು ದಿನ ಮುಂಚೆ ನಿಲ್ಲಿಸಿ, ಅದು ರಿಪೋರ್ಟನ್ನೇ ತಪ್ಪು ತೋರಿಸುತ್ತದೆ.