ಸಹಾಯ ಬೇಕು: ಮೀಡಿವಲ್ 2 ಟೋಟಲ್ ವಾರ್‌ನಲ್ಲಿ ಖಜಾನೆ ಖಾಲಿಯಾಗುತ್ತಿದೆ

ನಮಸ್ಕಾರ, ನಾನು ಕಾರವಾರದವನು. ಮಳೆ ಹಿಡಿದಾಗಿಂದ ದಿನಾ ರಾತ್ರಿ ಮಧ್ಯಯುಗದ ಯುರೋಪಿನಲ್ಲಿ ರಾಜ್ಯ ಕಟ್ಟಿ ಯುದ್ಧ ಮಾಡುವ ಈ ಕಂಪ್ಯೂಟರ್ ಗೇಮ್ ಆಡುತ್ತಿದ್ದೇನೆ, ಬಂದರು ರಾಜ್ಯ ವೆನಿಸ್ ಪರವಾಗಿ. ನಮ್ಮೂರ ಬೈತಖೋಲ ಬಂದರು ನೋಡುತ್ತ ಬೆಳೆದವನಿಗೆ ಬೇರೆ ಯಾವ ರಾಜ್ಯ ಹಿಡಿಸುತ್ತೆ ಹೇಳಿ!

40 ಟರ್ನ್ (ಸರದಿ) ಆಯ್ತು. ನನ್ನ 7 ಊರುಗಳಲ್ಲಿ 3 ಕೋಟೆ, ಉಳಿದವು ನಗರ. ಪ್ರತಿ ಟರ್ನ್‌ಗೆ 600 ಫ್ಲೋರಿನ್ (ಗೇಮ್‌ನ ಹಣ) ನಷ್ಟ. ತೆರಿಗೆ ಏರಿಸಿದೆ, ಜನರ ಮನಸ್ಥಿತಿ ತೋರಿಸುವ ಹಸಿರು ಮುಖದ ಗುರುತು ಕೆಂಪಾಗಿ ವೆನಿಸ್‌ನಲ್ಲೇ ಗಲಭೆ ಎದ್ದಿತು. ಮತ್ತೆ ಇಳಿಸಿದೆ. ಖರ್ಚು ಉಳಿಸಲು ಎರಡು ಕುದುರೆ ದಳ ವಿಸರ್ಜಿಸಿದೆ. ನಗರದಲ್ಲಿ ಮಿಲಿಷಿಯಾ (ನಗರದ ಕಾವಲು ಪಡೆ) ಇಟ್ಟರೆ ಕೆಲವು ದಳಕ್ಕೆ ಖರ್ಚಿಲ್ಲ ಅಂತ ತಿಳಿದು ಅದನ್ನೂ ಮಾಡಿದೆ. ಸಾಲುತ್ತಿಲ್ಲ.

ಕೋಟೆಯನ್ನು ನಗರ ಮಾಡಿದರೆ ಆದಾಯ ಜಾಸ್ತಿ, ನಿಜ. ಆದರೆ ಒಳ್ಳೆ ಸೈನಿಕರು ಸಿಗೋದು ಕೋಟೆಯಲ್ಲೇ ಅಲ್ವಾ? ಗಡಿಯಲ್ಲಿ ಹಂಗೇರಿ ಸೇನೆ ನಿಂತಿದೆ. ಕೈಯಲ್ಲಿರೋದು 1,800 ಫ್ಲೋರಿನ್ ಮಾತ್ರ. ಇದರಲ್ಲಿ ಮೊದಲು ಒಂದು ಕೋಟೆಯನ್ನು ನಗರ ಮಾಡಲೇ, ಇಲ್ಲ ಬಂದರು ಕಟ್ಟಲೇ?