ಕಾಂಡ್ಲಾ ಕಾಡಿನ ಮಣ್ಣನ್ನು ‘ಸವಳು’ ಎನ್ನಬಹುದೇ?

ಮಾನ್ಯರೇ,

ಅಘನಾಶಿನಿ, ಶರಾವತಿ ನದಿಗಳ ಅಳಿವೆಗಳಲ್ಲಿ, ಉಬ್ಬರದ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಮಣ್ಣಿನ ಪೋಷಕಾಂಶಗಳನ್ನು ಸಾಗುವಳಿ ಭೂಮಿಯ ಪೋಷಕಾಂಶಗಳೊಡನೆ ಹೋಲಿಸುವ ಪಾಠವೊಂದನ್ನು ಕಲಬುರಗಿ, ಯಾದಗಿರಿ ಭಾಗದ ಪ್ರೌಢಶಾಲಾ ಮಕ್ಕಳಿಗಾಗಿ ಬರೆಯುತ್ತಿದ್ದೇನೆ. ಇವರಲ್ಲಿ ಸಮುದ್ರ ಕಂಡವರು ವಿರಳವಾದರೂ ಹೊಲದ ಮಣ್ಣನ್ನು ಅರಿಯದವರಿಲ್ಲವಾದ್ದರಿಂದ, ಮನೆಮಾತಿನ ಪದಗಳನ್ನೇ ಬಳಸಲು ಹೊರಟು ‘ಸವಳು’ ಎಂಬಲ್ಲಿ ತಡೆದು ನಿಂತಿದ್ದೇನೆ.

ಕೃಷ್ಣೆಯ ಕಾಲುವೆ ನೀರುಣ್ಣುವ ಶಹಾಪುರ, ಸುರಪುರದ ಕಡೆ ‘ಸವಳು-ಜವಳು’ ಎಂಬುದು ಜೋಡಿ ಮಾತು. ಉಪ್ಪು ಮೇಲೆದ್ದ ನೆಲ ಸವಳು, ನೀರು ಬಸಿಯದೆ ನಿಂತ ನೆಲ ಜವಳು. ನನ್ನ ಸೋದರಮಾವನವರು ಒಮ್ಮೆ ಬೇಸಿಗೆಯಲ್ಲಿ, ಕಾಲುವೆಯಂಚಿನ ಎರೆ ಹೊಲದಲ್ಲಿ ಸುಣ್ಣ ಚೆಲ್ಲಿದಂತೆ ಬೆಳ್ಳಗಾಗಿದ್ದ ಜಾಗವನ್ನು ತೋರಿಸಿ, ‘ಹೊಲಕ್ಕ ಸವಳ ಹತ್ತ್ಯದ’ ಎಂದಿದ್ದರು. ಇಲ್ಲಿನ ಕ್ರಿಯಾಪದವನ್ನು ಗಮನಿಸಬೇಕು. ಹುಳ ಹತ್ತುತ್ತದೆ, ರೋಗ ಹತ್ತುತ್ತದೆ, ಹಾಗೆಯೇ ಸವಳೂ ಹತ್ತುತ್ತದೆ. ಚೆನ್ನಾಗಿದ್ದ ನೆಲ ಕೆಟ್ಟಿತೆಂಬ ನೋವು ಆ ಪದದೊಳಗೇ ಇದೆ. ಕಾಂಡ್ಲಾದ ಮಣ್ಣಾದರೋ ಉಬ್ಬರದ ನೀರು ಮತ್ತೆ ಮತ್ತೆ ತಂದೆರೆಯುವ ಉಪ್ಪಿನಲ್ಲೇ ಹುಟ್ಟಿ ಬೆಳೆದದ್ದು. ಮಣ್ಣಿನ ಉಪ್ಪಿನಂಶವನ್ನು ತೋರುವ ವಿದ್ಯುದ್ವಾಹಕತೆ ಮೀಟರಿಗೆ 4 ಡೆಸಿಸೀಮೆನ್ಸ್ ಮೀರಿದರೆ ಶಾಸ್ತ್ರದ ಪ್ರಕಾರ ಎರಡೂ ಲವಣಯುಕ್ತ ಮಣ್ಣೇ. ಆದರೆ ಒಂದೇ ಹೆಸರಿಟ್ಟರೆ ಮಗುವಿಗೆ ತಪ್ಪು ಅರ್ಥ ಹೋಗುತ್ತದೆ.

ಹೇಗೆಂದರೆ, ಉದುರಿದ ಎಲೆ, ಸತ್ತ ಬೇರು ಗಾಳಿಯಾಡದ ಕೆಸರಿನಲ್ಲಿ ಬಹು ನಿಧಾನವಾಗಿ ಕೊಳೆಯುವುದರಿಂದ ಕಾಂಡ್ಲಾದ ಮಣ್ಣಿನಲ್ಲಿ ಸಾವಯವ ಇಂಗಾಲ ಸಂಚಯವಾಗುತ್ತದೆ. ಉತ್ತು ಬಿತ್ತುವ ಹೊಲದಲ್ಲಿ ಅದು ಬೇಗ ಕಳೆದುಹೋಗುತ್ತದೆ. ಮಣ್ಣು ಪರೀಕ್ಷೆಯಲ್ಲಿ ಇದು ಶೇಕಡಾ 0.5ಕ್ಕಿಂತ ಕೆಳಗಿದ್ದರೆ ‘ಕಡಿಮೆ’, 0.75 ದಾಟಿದರೆ ‘ಹೆಚ್ಚು’ ಎಂದು ಬರೆಯುತ್ತಾರೆ. ಸೋದರಮಾವನವರ ಚೀಟಿಯಲ್ಲಿದ್ದದ್ದು ‘ಕಡಿಮೆ’. ಸಾರಜನಕದ ರೂಪವೂ ಬೇರೆ: ಕಾಂಡ್ಲಾದ ಕೆಸರಿನಲ್ಲಿ ಹೆಚ್ಚಾಗಿ ಅಮೋನಿಯಂ, ಗಾಳಿಯಾಡುವ ಹೊಲದಲ್ಲಿ ಹೆಚ್ಚಾಗಿ ನೈಟ್ರೇಟ್. ಇಂತಹ ಮಣ್ಣನ್ನು ಸವಳೆಂದರೆ ನಮ್ಮ ಮಕ್ಕಳು ‘ಕಸುವಿಲ್ಲದ್ದು’ ಎಂದೇ ಓದಿಕೊಳ್ಳುತ್ತಾರೆ. ‘ಫಲವತ್ತಾದ ಮಣ್ಣು’ ಎಂದು ಬರೆಯಲೂ ಮನಸ್ಸು ಒಪ್ಪುವುದಿಲ್ಲ, ಏಕೆಂದರೆ ಅಲ್ಲಿ ತೊಗರಿ, ಜೋಳ ಬಿತ್ತಿದರೆ ಮೊಳಕೆಯೂ ಏಳದು. ಪೋಷಕಾಂಶ ಇರುವುದು ಬೇರೆ, ನಮ್ಮ ಬೆಳೆಗೆ ಒದಗುವುದು ಬೇರೆ ಎಂಬುದೇ ಪಾಠದ ತಿರುಳು.

ನನಗೆ ಹೊಳೆದಿರುವುದು ‘ಉಪ್ಪುಹೂಳು’. ಬೇಸಿಗೆಯಲ್ಲಿ ಕೆರೆಯ ಹೂಳನ್ನು ಹೊಲಕ್ಕೆ ಹೊಡೆಯುವ ರೂಢಿ ನಮ್ಮಲ್ಲಿರುವುದರಿಂದ ಹೂಳು ಎಂದೊಡನೆ ಸಾರದ ನೆನಪು ಬರುತ್ತದೆ. ಕಾಂಡ್ಲಾದ ಬೇರುಗಳು ಹೂಳನ್ನು ತಡೆದು ನಿಲ್ಲಿಸುವುದೂ ನಿಜ. ಆದರೆ ಅಲ್ಲೇ ಕೊಳೆತ ಬೇರು, ಎಲೆಗಳ ಪಾಲನ್ನು ಈ ಪದ ಹೇಳುವುದಿಲ್ಲ ಎಂಬ ಅಳುಕಿದೆ.

ಉತ್ತರ ಕನ್ನಡದಲ್ಲಿ ಕಗ್ಗ ಭತ್ತ ಬೆಳೆಯುವ ಉಪ್ಪುನೀರಿನ ಗದ್ದೆಗೆ ‘ಗಜನಿ’ ಎಂಬ ಹೆಸರುಂಟು. ಗದ್ದೆಯಾಚೆ ಕಾಂಡ್ಲಾದ ಬುಡದಲ್ಲಿರುವ ಆ ಕಪ್ಪು ಕೆಸರಿಗೆ ಕರಾವಳಿಯವರು ಬೇರೆ ಹೆಸರು ಇಟ್ಟಿದ್ದಾರೆಯೇ? ಇದ್ದರೆ, ಯಾವ ಊರಿನಲ್ಲಿ, ಯಾವ ವಾಕ್ಯದಲ್ಲಿ ಕೇಳಿದಿರೆಂಬುದನ್ನೂ ಸೇರಿಸಿ ತಿಳಿಸಬೇಕೆಂದು ಕೋರುತ್ತೇನೆ.