ಟಿವಿ ಹಾಟ್‌ಸ್ಪಾಟ್‌ಗೆ ಸೇರುತ್ತದೆ, ಯೂಟ್ಯೂಬ್ ಮಾತ್ರ ತೆರೆಯುವುದಿಲ್ಲ: ಅನುಭವ ಇದ್ದವರು ತಿಳಿಸಿ

ಹೊಸನಗರದ ಹಳ್ಳಿಮನೆ (ಪ್ರಶ್ನೆ): ಅಮ್ಮ ಯಕ್ಷಗಾನ ನೋಡಲೆಂದು ಮೂರು ವಾರದ ಹಿಂದೆ 32 ಇಂಚಿನ ಸ್ಮಾರ್ಟ್ ಟಿವಿ ತಂದೆ. ನಮ್ಮ ಮನೆಗೆ ಕೇಬಲ್ ಇಲ್ಲ, ಫೋನಿನ ಹಾಟ್‌ಸ್ಪಾಟ್ ಒಂದೇ ಗತಿ. ಟಿವಿಯ ಪಟ್ಟಿಯಲ್ಲಿ ಹಾಟ್‌ಸ್ಪಾಟ್ ಹೆಸರು ಒಮ್ಮೆ ಕಾಣುತ್ತದೆ, ಒಮ್ಮೆ ಕಾಣುವುದಿಲ್ಲ. ಕಂಡಾಗ ಸೇರುತ್ತದೆ, ಆದರೆ ಯೂಟ್ಯೂಬ್ ತೆರೆದರೆ ಸಂಪರ್ಕವಿಲ್ಲ ಎನ್ನುತ್ತದೆ. ಅದೇ ಹಾಟ್‌ಸ್ಪಾಟ್‌ನಲ್ಲಿ ತಂಗಿಯ ಲ್ಯಾಪ್‌ಟಾಪ್ ಸರಾಗವಾಗಿ ನಡೆಯುತ್ತದೆ. ಏನು ಮಾಡಲಿ?

ಶಿರಸಿಯವನು: ಹೆಸರು ಕಾಣದಿರುವುದು 5 ಗಿಗಾಹರ್ಟ್ಸ್ ಬ್ಯಾಂಡಿನ (ವೈಫೈ ತರಂಗದ ಒಂದು ಬಗೆ, ಇನ್ನೊಂದು 2.4) ಕಾಟ, ಬೇರೇನೂ ಅಲ್ಲ. ನನ್ನ ಕಥೆ ಕೇಳಿ. ಹಳೆಯ ಫೋನಿನಲ್ಲಿ ಎರಡು ವರ್ಷ ತೊಂದರೆಯೇ ಇರಲಿಲ್ಲ. ಹೊಸ ಫೋನ್ ಕೊಂಡ ದಿನವೇ ಟಿವಿ ಕುರುಡಾಯಿತು. ಅಂಗಡಿಯವನು ಟಿವಿಯ ವೈಫೈ ಸುಟ್ಟಿದೆ ಎಂದ. ಮೆಕ್ಯಾನಿಕ್ ಮನೆಗೆ ಬಂದು ಹಿಂಬದಿಯ ಮುಚ್ಚಳ ಬಿಚ್ಚಿ ನೋಡಿದ್ದಕ್ಕೇ 600 ರೂಪಾಯಿ. ಅವನ ಮಾತು ಕೇಳಿ ಯುಎಸ್‌ಬಿ ವೈಫೈ ಡಾಂಗಲ್ ತರಿಸಿದೆ, 850 ರೂಪಾಯಿ. ಟಿವಿ ಅದನ್ನು ಗುರುತಿಸಲೇ ಇಲ್ಲ. ಹಿಂದಿರುಗಿಸುವ ಅವಧಿಯೂ ಮುಗಿದಿತ್ತು. ಕೊನೆಗೆ ಪಿಯುಸಿ ಓದುವ ಅಣ್ಣನ ಮಗ ಬಂದು ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಬ್ಯಾಂಡ್ ಅನ್ನು 2.4ಕ್ಕೆ ಬದಲಿಸಿದ. ಅರ್ಧ ನಿಮಿಷದ ಕೆಲಸ. ನನ್ನ ಟಿವಿಗೆ 5 ಹಿಡಿಯುವ ಶಕ್ತಿಯೇ ಇಲ್ಲವಂತೆ, ಪೆಟ್ಟಿಗೆಯ ಮೇಲೆ ಅಂಗುಲದ ಕಾಲು ಭಾಗದಷ್ಟು ಅಕ್ಷರದಲ್ಲಿ ಬರೆದಿತ್ತು. 1,450 ರೂಪಾಯಿ ನೀರಿಗೆ ಹೋಯಿತು. ಆ ಮೆಕ್ಯಾನಿಕ್ ಈಗಲೂ ಪೇಟೆಯಲ್ಲಿ ಸಿಕ್ಕಿದರೆ ನಗುತ್ತಾನೆ, ನನಗೆ ಮೈ ಉರಿಯುತ್ತದೆ.

ಅರಕಲಗೂಡು: ಶಿರಸಿಯವರು ಹೆಸರಿನ ವಿಷಯ ಹೇಳಿದರು, ಸೇರಿದ ಮೇಲಿನದನ್ನು ಹೇಳಲಿಲ್ಲ. ಟಿವಿಯ ದಿನಾಂಕ ನೋಡಿ! ನಮ್ಮಲ್ಲಿ ಕರೆಂಟ್ ಹೋಗಿ ಬಂದರೆ ಟಿವಿಯ ಗಡಿಯಾರ 2015ರ ಜನವರಿ 1ಕ್ಕೆ ಹೋಗಿ ನಿಲ್ಲುತ್ತಿತ್ತು. ಯೂಟ್ಯೂಬ್‌ನಂಥ ತಾಣಗಳು ತೆರೆಯುವ ಮುಂಚೆ ಸುರಕ್ಷತಾ ಪ್ರಮಾಣಪತ್ರದ (ತಾಣ ಅಸಲಿ ಎನ್ನುವ ಡಿಜಿಟಲ್ ಗುರುತಿನ) ಅವಧಿ ಪರೀಕ್ಷೆಯಾಗುತ್ತದೆ. ಟಿವಿ ತಾನು 2015ರಲ್ಲಿ ಇದ್ದೇನೆ ಎಂದುಕೊಂಡಿದ್ದರೆ ಈ ವರ್ಷದ ಪ್ರಮಾಣಪತ್ರ ಇನ್ನೂ ಹುಟ್ಟಿಯೇ ಇಲ್ಲದ್ದು, ಆದ್ದರಿಂದ ಬಾಗಿಲು ಮುಚ್ಚುತ್ತದೆ. ವೈಫೈ ಗುರುತು ಮಾತ್ರ ಮೇಲೆ ಬೆಳ್ಳಗೆ ಹೊಳೆಯುತ್ತಿರುತ್ತದೆ. ಇದು ತಿಳಿಯುವ ಹೊತ್ತಿಗೆ ನಾನು ಟಿವಿಯ ಮದರ್‌ಬೋರ್ಡ್ ಬದಲಿಸಿಯಾಗಿತ್ತು: ಬೋರ್ಡಿಗೆ 4,200, ಮಜೂರಿ 500, ಹಾಸನಕ್ಕೆ ಟಿವಿ ಹೊತ್ತು ಹೋಗಿಬಂದ ಆಟೋ ಎರಡು ಸಲಕ್ಕೆ 1,800. ಹೊಸ ಬೋರ್ಡೂ ಮೊದಲ ಕರೆಂಟ್ ಕಡಿತಕ್ಕೇ 2015ಕ್ಕೆ ಹೋಯಿತು. ಸೆಟ್ಟಿಂಗ್‌ನಲ್ಲಿ ತಾನಾಗಿ ಸಮಯ ಪಡೆಯುವುದನ್ನು ನಿಲ್ಲಿಸಿ ಕೈಯಾರೆ ದಿನಾಂಕ ತುಂಬಿದೆ, ತಕ್ಷಣ ತೆರೆಯಿತು. ಈಗ ಟಿವಿಯ ಪಕ್ಕದ ಗೋಡೆಗೆ ಕ್ಯಾಲೆಂಡರ್ ತೂಗುಹಾಕಿದ್ದೇನೆ. ಕರೆಂಟ್ ಬಂದೊಡನೆ ಅಪ್ಪನೇ ನೋಡಿಕೊಂಡು ತುಂಬುತ್ತಾರೆ.

ಕೊಪ್ಪದ ತೋಟ: ಇಷ್ಟೆಲ್ಲ ಪಾಡು ಏಕೆ? ಹಾಟ್‌ಸ್ಪಾಟ್ ಟಿವಿಗಾಗಿ ಹುಟ್ಟಿದ್ದಲ್ಲ. ಫೈಬರ್ ಹಾಕಿಸಿಕೊಳ್ಳಿ. ನಮ್ಮ ಮನೆ ರಸ್ತೆಯಿಂದ 600 ಮೀಟರ್ ಒಳಗೆ. ಅಡಿಕೆ ಮರದಿಂದ ಮರಕ್ಕೆ ಎಳೆಸಿದೆ, ತಂತಿಗೂ ಆಳುಗಳಿಗೂ ಸೇರಿ 9,300 ರೂಪಾಯಿ. ಮಂಗಗಳು ಎರಡು ಸಲ ಕಚ್ಚಿ ಹಾಕಿದವು, ಪ್ರತಿ ಸಲವೂ ಜೋಡಿಸಲು 700. ಆದರೂ ಮನೆಯಲ್ಲಿ ನಾಲ್ಕು ಜನ ಒಟ್ಟಿಗೆ ನೋಡುತ್ತೇವೆ.

ಶಿರಸಿಯವನು: ಕೊಪ್ಪದವರೇ, ಕೇಳಿದ್ದು ಹಾಟ್‌ಸ್ಪಾಟ್ ಬಗ್ಗೆ. 9,300 ರೂಪಾಯಿ ಎಲ್ಲರ ಕೈಯಲ್ಲೂ ಇರುವುದಿಲ್ಲ. ಮಳೆಗಾಲದಲ್ಲಿ ನಿಮ್ಮ ಫೈಬರ್ ಎಷ್ಟು ದಿನ ಸತ್ತಿರುತ್ತದೆ, ಅದನ್ನೂ ಬರೆಯಿರಿ.

ಕೊಪ್ಪದ ತೋಟ: ಹೋದ ಜುಲೈನಲ್ಲಿ ಹನ್ನೊಂದು ದಿನ. ಮರ ಬಿದ್ದಿತ್ತು. ಮರ ಬಿದ್ದರೆ ನಿಮ್ಮ ಟವರಿಗೂ ಕರೆಂಟ್ ಇರುವುದಿಲ್ಲ, ಆಗ ಯಾವ ಹಾಟ್‌ಸ್ಪಾಟ್ ಬರುತ್ತದೆ?

ಮೈಸೂರಿನ ಗೃಹಿಣಿ: ಐಫೋನ್ ಇರುವವರಿಗೆ ಒಂದು ಮಾತು. 12ನೆಯದು ಮತ್ತು ಅದರ ನಂತರದವುಗಳಲ್ಲಿ ಹಾಟ್‌ಸ್ಪಾಟ್ ಪುಟದಲ್ಲೇ ‘ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ’ ಎಂಬ ಗುಂಡಿ ಇದೆ, ಅದನ್ನು ಒತ್ತಿದರೆ 2.4ಕ್ಕೆ ಇಳಿಯುತ್ತದೆ. ಟಿವಿ ಸೇರುವವರೆಗೂ ಆ ಪುಟವನ್ನು ತೆರೆದೇ ಇಟ್ಟುಕೊಳ್ಳಿ. ನಾನು ಫೋನ್ ಜೇಬಿಗೆ ಹಾಕಿ ಟಿವಿಯ ಮುಂದೆ ನಿಂತು ಎರಡು ಸಂಜೆ ಕಳೆದೆ, ಯಜಮಾನರ ಜೊತೆ ಜಗಳವೂ ಆಯಿತು. ಇನ್ನು ಡೇಟಾ: ನಮ್ಮದು ದಿನಕ್ಕೆ 2 ಜಿಬಿ. ಎಚ್‌ಡಿಯಲ್ಲಿ ಸಿನಿಮಾ ಹಾಕಿದರೆ ಒಂದು ಗಂಟೆಗೆ 3 ಜಿಬಿವರೆಗೂ ಎಳೆಯುತ್ತದೆ. ಮಧ್ಯಂತರದ ಮೊದಲೇ ದಿನದ ಡೇಟಾ ಮುಗಿದು, ವೇಗ 64 ಕೆಬಿಪಿಎಸ್‌ಗೆ ಇಳಿದು ಚಕ್ರ ಸುತ್ತುತ್ತಿತ್ತು. ನಾನು ಅದನ್ನು ಸಂಪರ್ಕದ ದೋಷವೆಂದು ತಿಳಿದು ಟಿವಿಯನ್ನು ಮೂರು ಸಲ ಫ್ಯಾಕ್ಟರಿ ರೀಸೆಟ್ ಮಾಡಿದೆ. ಈಗ ಎಚ್‌ಡಿಗಿಂತ ಕಡಿಮೆ ಸ್ಪಷ್ಟತೆಯ 480ಪಿಯಲ್ಲೇ ನೋಡುತ್ತೇವೆ.

ತೀರ್ಥಹಳ್ಳಿ: ಯಾರೂ ಮುಖ್ಯ ಮಾತು ಎತ್ತಲಿಲ್ಲ. ಮಗ ಫೋನ್ ತೆಗೆದುಕೊಂಡು ಪೇಟೆಗೆ ಹೊರಟರೆ ಅಮ್ಮನ ಟಿವಿ ಏನಾಗಬೇಕು? ನಾನು ಹಳೆಯ ಫೋನಿಗೆ ಬೇರೆ ಸಿಮ್ ಹಾಕಿ, ಸಿಗ್ನಲ್ ಸಿಗುವ ಅಟ್ಟದ ಕಿಟಕಿಯಲ್ಲಿ ಬಿದಿರು ಬುಟ್ಟಿ ಕಟ್ಟಿ, ಸದಾ ಚಾರ್ಜರ್‌ನಲ್ಲಿ ಇಟ್ಟಿದ್ದೇನೆ. ಯಾರೂ ಸೇರದಿದ್ದರೆ ಹಾಟ್‌ಸ್ಪಾಟ್ ತಾನಾಗಿ ಆರುವ ಆಯ್ಕೆಯನ್ನು ತೆಗೆದುಹಾಕಿದೆ. ಎಂಟು ತಿಂಗಳಿಂದ ಅಮ್ಮನಿಗೆ ಯಾರ ಹಂಗೂ ಇಲ್ಲ.

ಅರಕಲಗೂಡು: ದಯವಿಟ್ಟು ಇದನ್ನು ಯಾರೂ ಮಾಡಬೇಡಿ. ನನ್ನ ಭಾವನ ಮನೆಯಲ್ಲಿ ಇದೇ ಪ್ರಯೋಗ ನಡೆಯಿತು. ಐದನೆಯ ತಿಂಗಳಲ್ಲಿ ಬ್ಯಾಟರಿ ಊದಿ ಪರದೆ ಒಂದು ಬದಿಯಲ್ಲಿ ಎದ್ದು ನಿಂತಿತ್ತು, ಸಂದಿಯಲ್ಲಿ ಬೆರಳಿನ ಉಗುರು ಹೋಗುತ್ತಿತ್ತು. ಮುಟ್ಟಿದರೆ ಕಾದ ಕಾವಲಿ. ಅಟ್ಟದಲ್ಲಿ ಒಣಗಿದ ಅಡಿಕೆ ಮೂಟೆಗಳಿದ್ದವು!

ತೀರ್ಥಹಳ್ಳಿ: ನಿಮ್ಮ ಭಾವನ ಫೋನಿಗೆ ನಾನು ಹೊಣೆಯಲ್ಲ. ನಾನು ಟೈಮರ್ ಪ್ಲಗ್ ಹಾಕಿದ್ದೇನೆ, ದಿನಕ್ಕೆ ನಾಲ್ಕು ಗಂಟೆ ಮಾತ್ರ ಚಾರ್ಜ್ ಆಗುತ್ತದೆ.

ಅರಕಲಗೂಡು: ಮೊದಲು ‘ಸದಾ ಚಾರ್ಜರ್‌ನಲ್ಲಿ’ ಎಂದು ಬರೆದವರು ನೀವೇ. ಓದಿದವರು ಅದನ್ನೇ ನಂಬುತ್ತಾರೆ. ಸಿಮ್ ಹಾಕುವ ರೌಟರ್ 2,300ಕ್ಕೆ ಸಿಗುತ್ತದೆ, ಅದಕ್ಕೆ ಊದುವ ಬ್ಯಾಟರಿಯೇ ಇಲ್ಲ.

ತೀರ್ಥಹಳ್ಳಿ: ಮದರ್‌ಬೋರ್ಡಿಗೆ 4,200 ಸುರಿದವರಿಂದ ನನಗೆ ಉಳಿತಾಯದ ಪಾಠ ಬೇಡ.

ಹೊಸನಗರದ ಹಳ್ಳಿಮನೆ: ದಯವಿಟ್ಟು ಜಗಳ ಬೇಡ. ಅರಕಲಗೂಡಿನವರ ಮಾತು ಓದಿ ನೋಡಿದೆ, ಟಿವಿಯಲ್ಲಿ 2018 ಎಂದಿತ್ತು. ಸರಿಮಾಡಿದ ಕೂಡಲೇ ಯೂಟ್ಯೂಬ್ ತೆರೆಯಿತು, ಈಗ ಚೆಂಡೆಯ ಸದ್ದು ಅಡುಗೆಮನೆಯವರೆಗೆ ಕೇಳುತ್ತಿದೆ. ಹೆಸರು ಮಾಯವಾಗುವುದು ಮಾತ್ರ ನಿಂತಿಲ್ಲ. ಬ್ಯಾಂಡ್ 2.4ರಲ್ಲೇ ಇದೆ.

ಶಿರಸಿಯವನು: ಹಾಗಿದ್ದರೆ ಫೋನಿನ ಹಾಟ್‌ಸ್ಪಾಟ್ ಭದ್ರತೆಯ ಆಯ್ಕೆಯಲ್ಲಿ ಡಬ್ಲ್ಯುಪಿಎ3 ಎಂಬ ಹೊಸ ಬಗೆ ಇದೆಯೇ ನೋಡಿ, ಹಳೆಯ ಡಬ್ಲ್ಯುಪಿಎ2ಕ್ಕೆ ಇಳಿಸಿ. ಬ್ಯಾಟರಿ ಉಳಿತಾಯದ ಮೋಡ್ ಇದ್ದರೆ ಅದನ್ನೂ ತೆಗೆಯಿರಿ. ಮೆಕ್ಯಾನಿಕ್ ಬಳಿ ಮಾತ್ರ ಹೋಗಬೇಡಿ.

ಕೊಪ್ಪದ ತೋಟ: ಮಂಗ ಕಚ್ಚದಂತೆ ತಂತಿಗೆ ಏನಾದರೂ ಹೊದಿಸಿದವರು ಇಲ್ಲಿ ಇದ್ದಾರೆಯೇ? ನಿನ್ನೆ ಬೆಳಿಗ್ಗೆ ಮೂರನೆಯ ಸಲ ಹೋಯಿತು.